ಕಲ್ಲಿನ ಸರೋಜಮ್ಮನ ಸೇಡು

ಯಾವ ಉಂಗುರ ಕೊಟ್ಟರೂ ಸರೋಜಮ್ಮ ಮೊದಲು ಅದರ ಕಲ್ಲನ್ನು ನಾಲಗೆಯ ತುದಿಗೆ ಮುಟ್ಟಿಸುತ್ತಿದ್ದರು. ಯಾರ ಬೆರಳಿನ ಬೆವರು ಕುಡಿದದ್ದಾದರೂ ಸರಿ, ಸೆರಗಿನಲ್ಲಿ ಒಮ್ಮೆ ಒರೆಸಿ, ಕಣ್ಣು ಮುಚ್ಚಿ, ನಾಲಗೆಗೆ. ನಿಜವಾದ ಕಲ್ಲು ತಣ್ಣಗೆ ಕೊರೆಯುತ್ತಲೇ ಇರುತ್ತದೆ, ಗಾಜು ಬೇಗ ಬೆಚ್ಚಗಾಗುತ್ತದೆ ಎನ್ನುತ್ತಿದ್ದರು. ಆಮೇಲೆ ಕೊರಳಿನ ಭೂತಗನ್ನಡಿ ಹಿಡಿದು ನೋಡುವುದು. ಗಂಡ ಹೋದ ಮೇಲೆ ಬರಿದಾದ ಕೊರಳಿಗೆ ಅವರು ಕರಿದಾರದಲ್ಲಿ ಅದನ್ನು ಕಟ್ಟಿಕೊಂಡಿದ್ದರು. ರಾಬರ್ಟ್‌ಸನ್‌ಪೇಟೆಯವರು ಆ ಹೆಂಗಸಿನ ನಾಲಗೆಯಲ್ಲಿ ವಿಷವಿದೆ ಎನ್ನುತ್ತಿದ್ದರು. ಇತ್ತು, ನಾನೇ ಕಂಡಿದ್ದೇನೆ.

ಕ್ಯಾಸಂಬಳ್ಳಿ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬೆಳಿಗ್ಗೆ ನಾನು ಸ್ಕೂಟರಿನಲ್ಲಿ ಹಾಲು ತರುತ್ತಿದ್ದೆ. ಆ ಬೀದಿಯಲ್ಲಿ ಕೊನೆಯ ಮನೆ ಅವರದು. ಮುಂದಿನ ಕೋಣೆಯೇ ಅಂಗಡಿ. ಒಡವೆಗೆ ಕಲ್ಲು ಕೂರಿಸುವ ಕೆಲಸ. ಹಾಲಿನ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು, ಅದು ಹರಿಯುವ ಚಂದ ನೋಡದೆ ಪಾತ್ರೆ ಒಳಗೆ ಒಯ್ಯುತ್ತಿರಲಿಲ್ಲ. "ಏನ್ ಮಂಜಿ, ಇವತ್ತು ನಿಮ್ಮ ಅಸು ಬೋರ್‌ವೆಲ್ ಕುಡ್ದು ಬಂದೈತಾ?" ನಾನು ದೇವರಾಣೆ ನೀರು ಹಾಕಿಲ್ಲ ಅಂದರೆ, "ದೇವ್ರುನ್ಯಾಕೆ ಎಳೀತೀಯ, ಅಸು ಆಣೆ ಮಾಡು" ಎನ್ನುವರು. ಎಂಟು ವರ್ಷ ಹಾಲು ಕೊಟ್ಟೆ, ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ. ಬೇರೆಯವರ ಹತ್ತಿರ ಕೊಂಡುಕೊಳ್ಳಲೂ ಇಲ್ಲ.

ಸೇಡಿನ ವಿಷಯದಲ್ಲಿ ಅವರದು ಬಲು ತಾಳ್ಮೆ. ಗಂಡನ ಹನ್ನೊಂದನೆಯ ದಿನದ ಊಟಕ್ಕೆ ಬಂದ ಒಡವೆ ಅಂಗಡಿಯವನೊಬ್ಬ, "ಹೆಂಗಸ್ರ ಕೈಲಿ ಕಲ್ಲು ನಿಲ್ತದಾ? ಸಾಮಾನು ನಮಗೆ ಮಾರ್ಬಿಡಿ" ಅಂದನಂತೆ. ಸರೋಜಮ್ಮ ಅವನ ಎಲೆಗೆ ಇನ್ನೊಂದು ವಡೆ ಬಡಿಸಿದರು. ಮಾರನೆಯ ತಿಂಗಳಿಂದ ದಿನಾ ಸಂಜೆ ಅವನ ಅಂಗಡಿಯ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತರು. ಅಲ್ಲಿ ಉಂಗುರ ಕೊಂಡು ಆಚೆ ಬಂದವರನ್ನೆಲ್ಲ ಕರೆದು, ಕಲ್ಲು ಎಂಥದ್ದು ಅಂತ ಬಿಟ್ಟಿಯಾಗಿ ಹೇಳುವುದು. ಒಳ್ಳೆಯದಿದ್ದರೆ ಒಳ್ಳೆಯದು, ಗಾಜಾಗಿದ್ದರೆ ಗಾಜು. ಅವನು ಬೇಸತ್ತು ಪಕ್ಕದ ಬೀದಿಗೆ ಅಂಗಡಿ ಬದಲಿಸಿದ. ಸ್ಟೂಲೂ ಅವನ ಹಿಂದೆಯೇ ಅಲ್ಲಿಗೆ ಹೋಯಿತು. "ಒಂದ್ ಸುಳ್ಳಾದ್ರೂ ಯೋಳಿದ್ನಾ ಕೇಳು. ಕಲ್ಲು ವಿಚಾರ್ದಾಗೆ ನನ್ನ ಬಾಯಾಗೆ ಸುಳ್ಳು ಬರಾಕಿಲ್ಲ" ಎಂದು ನಗುತ್ತಿದ್ದರು.

ನನ್ನ ತಂಗಿ ಭಾಗ್ಯಾಳಿಗೆ ಗಂಡು ಕೂಡಿ ಬರುತ್ತಿರಲಿಲ್ಲ. ಗುರುಬಲ ಇಲ್ಲ, ಪುಷ್ಯರಾಗದ ಉಂಗುರ ಹಾಕಿಸಿ ಅಂತ ಯಾರೋ ಅಮ್ಮನ ತಲೆಗೆ ತುಂಬಿದ್ದರು. ಆ ಹೊತ್ತಿಗೆ ಸರಿಯಾಗಿ ಬಂಗಾರಪೇಟೆಯ ನಾಗೇಶ ನನ್ನ ಫೋನಿಗೆ ಒಂದು ಆಫರ್ ಕಳಿಸಿದ. ನಾಗೇಶ ನಮ್ಮ ದೊಡ್ಡಪ್ಪನ ಮಗ. ಆನ್‌ಲೈನ್ ಕಂಪನಿಯೊಂದರಿಂದ ಅವರವರ ಜನ್ಮರಾಶಿಗೆ ತಕ್ಕ ಕಲ್ಲಿನ ರಾಶಿ ಉಂಗುರಗಳನ್ನು ನೆಂಟರಿಗೆಲ್ಲ ತರಿಸಿಕೊಡುತ್ತಿದ್ದ. ಅರ್ಧಕ್ಕಿಂತ ಕಡಿಮೆ ಬೆಲೆ, ಸರ್ಟಿಫಿಕೇಟ್ ಉಚಿತ, ಇವತ್ತು ಮಾತ್ರ, ಹಳೇ ಚಿನ್ನವನ್ನೂ ಬದಲಿಗೆ ತೆಗೆದುಕೊಳ್ಳುತ್ತಾರೆ. ನಾನು ಫೋನನ್ನು ಸರೋಜಮ್ಮನಿಗೆ ತೋರಿಸಿದೆ.

"ಫೋಟೋನ ನಾಲ್ಗೆಗಿಕ್ಕಾಕಾಯ್ತದಾ?" ಅಂದು ಬೈದು, ಆಮೇಲೆ ಕೇಳಿದರು: "ಕಲ್ಲು ಎಷ್ಟು ತೂಕ, ಬರ್ದವ್ರಾ?" ಇಲ್ಲ, ಉಂಗುರದ ತೂಕ ಮಾತ್ರ ಇತ್ತು. "ಇಂದ್ಗಡೆ ಫೋಟೋ?" ಇಲ್ಲ. "ರಾಶಿ ಉಂಗುರ ಅಂದ್ಮೇಲೆ ಕಲ್ಲು ಬೆರಳಿಗೆ ತಾಕ್ಬೇಕು, ಬೆನ್ನು ತೆರ್ದಿರ್ಬೇಕು. ಬೆನ್ನು ಮುಚ್ಚವ್ರೆ ಅಂದ್ರೆ ಏನೋ ಮುಚ್ಚಿಕ್ತಾವ್ರೆ. ವಾಪಸ್ಸಿಗೆ ಎಷ್ಟು ದಿನ?" ಮೂರು ದಿನ. "ಗುರುವಾರ್ದವರ್ಗೂ ನೀವು ಬೆರಳಿಗಾಕಾಕಿಲ್ಲ, ಅವ್ರು ಮೂರೇ ದಿನ ಕೊಡ್ತಾರೆ. ನಿಮ್ಮ ಶಾಸ್ತ್ರ ಅವ್ರಿಗೆ ನಿಮಗಿಂತ ಚೆನ್ನಾಗಿ ಗೊತ್ತೈತೆ ಕಣಮ್ಮಿ. ಬ್ಯಾಡ."

ಹೇಳೋಣವೆಂದು ಮನೆಗೆ ಬಂದರೆ ಅಮ್ಮನ ಕಿವಿ ಬೋಳು. ಮದುವೆಯಲ್ಲಿ ನಮ್ಮಜ್ಜಿ ಹಾಕಿದ್ದ ಏಳು ಕಲ್ಲಿನ ಓಲೆಯನ್ನು ಅವತ್ತು ಬೆಳಿಗ್ಗೆಯೇ ನಾಗೇಶ ಬಂದು ಬಿಚ್ಚಿಸಿಕೊಂಡು ಹೋಗಿದ್ದ. ಕಂಪನಿಗೆ ಕಳಿಸುತ್ತಾನಂತೆ! ನಾನು ಫೋನ್ ಮಾಡಿ ಕೂಗಾಡಿದೆ. "ಅಕ್ಕಾ, ಆ ಕೆಳವಿ ಮಾತು ಕೇಳ್ತೀಯಾ? ಕಣ್ಣೂ ಕಾಣಲ್ಲ, ವ್ಯಾಪಾರಾನೂ ಇಲ್ಲ, ಒಟ್ಟೆಕಿಚ್ಚು" ಅಂದ. ನಮ್ಮ ಕಡೆ ಮುದುಕಿ ಅನ್ನುವುದಕ್ಕಿಂತ ತಮಿಳು ಬೆರೆಸಿ ಕೆಳವಿ ಅಂತ ಬೈದರೆ ಇನ್ನೂ ಚುರುಕು.

ಉಂಗುರ ಶುಕ್ರವಾರ ಬಂತು. ಸರೋಜಮ್ಮನಿಗೆ ತೋರಿಸೋಣ ಎಂದರೆ ಅಮ್ಮ ಕೈಗೇ ಕೊಡಲಿಲ್ಲ. "ಆಯಮ್ಮ ನಾಲ್ಗೆಗಿಡ್ತಾಳೆ, ಎಂಜಲಾಯ್ತದೆ, ಗುರುವಿಗೆ ಎಂಜಲು ಮಾಡಾಕಾಯ್ತದಾ" ಎಂದು ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ಗುರುವಾರ ಬೆಳಿಗ್ಗೆ ಆಗಷ್ಟೇ ಕರೆದ ಹಾಲಿನಲ್ಲಿ ಅದ್ದಿಟ್ಟು ಸ್ನಾನಕ್ಕೆ ಹೋದಳು. ಬಂದು ನೋಡಿದರೆ ಹಾಲು ಅರಿಸಿನ ಕದಡಿದಂತಿದೆ, ಕಲ್ಲು ಬೆಳ್ಳಗಾಗಿದೆ. ಗಾಜಿನ ಬೆನ್ನಿಗೆ ಬಣ್ಣ ಬಳಿದು ತಗಡು ಮುಚ್ಚಿದ್ದರು. ಸಂದಿನಲ್ಲಿ ಹಾಲು ಇಳಿದಿತ್ತು. ಮೂರು ದಿನ ಯಾವತ್ತೋ ಮುಗಿದಿತ್ತು. "ಹಾಲಲ್ಲಿ ಯಾರಕ್ಕಾ ನೆನೆಸಾಕ್ಯೇಳಿದ್ದು? ನಿಮ್ದೇ ತಪ್ಪು" ಅಂದ ನಾಗೇಶ. ಅಮ್ಮ ಬೋಳು ಕಿವಿಗೆ ಸೆರಗು ಮುಚ್ಚಿಕೊಂಡು ಎರಡು ದಿನ ದನದ ಹಟ್ಟಿಯಿಂದ ಆಚೆ ಬರಲಿಲ್ಲ. ನನಗೆ ಅವನನ್ನು ಬಂಗಾರಪೇಟೆ ರೈಲು ಸ್ಟೇಷನ್ನಿನಲ್ಲಿ ಜನರೆದುರು ಚಪ್ಪಲಿಯಲ್ಲಿ ಹೊಡೆಯಬೇಕೆನಿಸಿತ್ತು. ಅವನು ಕೆಳವಿ ಅಂದದ್ದನ್ನೂ ಬಿಡದೆ ಎಲ್ಲವನ್ನೂ ಸರೋಜಮ್ಮನ ಮುಂದೆ ಹೇಳಿಕೊಂಡೆ.

"ಒಡುದ್ರೆ ಒಂದಿನ ಉರೀತದೆ ಅಷ್ಟೆ" ಎಂದರು ಸರೋಜಮ್ಮ, ಉಂಗುರ ನೋಡಿ ಪಕ್ಕಕ್ಕಿಟ್ಟು. "ಅವ್ನು ಯಾರ್ಯಾರಿಗೆ ಕೊಟ್ಟವ್ನೆ? ಎಲ್ರೂ ಒಂದ್ಕಡೆ ಸೇರೋದು ಯಾವತ್ತು?"

ಸೇರುವುದಿತ್ತು. ಮುಂದಿನ ತಿಂಗಳು ನಾಗೇಶನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸರೋಜಮ್ಮ ಒಳ್ಳೆಯ ಸೀರೆ ಉಟ್ಟು ನಮ್ಮ ಜೊತೆ ಬಸ್ಸು ಹತ್ತಿದರು. ಪೂಜೆ ಮುಗಿಯುವವರೆಗೆ ಮೂಲೆಯಲ್ಲಿ ಕೂತಿದ್ದು, ಪ್ರಸಾದ ತಿಂದು, ನಾಗೇಶನ ತಾಯಿಯನ್ನು ಕರೆದರು. ದೊಡ್ಡಮ್ಮ ಪಾಪದ ಹೆಂಗಸು.

"ಇಷ್ಟ್ ಜನ ಉಂಗುರ ಆಕವ್ರೆ, ಒಬ್ರೂ ಶುದ್ಧಿ ಮಾಡಿಲ್ವಂತೆ. ಸ್ವಾಮಿ ಮುಂದೆ ಹಸಿಹಾಲಲ್ಲಿ ಅದ್ದಿ ಆಕ್ಕೊಂಡ್ರೆ ಬಲ ಜಾಸ್ತಿ. ನಾನು ಮುಟ್ಟಾಕಿಲ್ಲಮ್ಮ, ಗಂಡ ಇಲ್ದೋಳು. ನೀನೇ ಕೈಯಾರ ಆಕು."

ದೊಡ್ಡಮ್ಮ ಸಂಭ್ರಮದಿಂದ ಅಗಲದ ತಟ್ಟೆಗೆ ಹಾಲು ಸುರಿದಳು. ನಾಗೇಶ ಹೊರಗೆ ಶಾಮಿಯಾನದವನ ಜೊತೆ ಮಾತಾಡುತ್ತಿದ್ದ. ನೆಂಟರೆಲ್ಲ ಬಿಚ್ಚಿಬಿಚ್ಚಿ ಕೊಟ್ಟರು, ಹನ್ನೊಂದು ಉಂಗುರ. ಕೊನೆಯದು ದೊಡ್ಡಮ್ಮನದೇ, ಮೂರನೆಯ ಪಚ್ಚೆ. ಊಟದ ಒಂದು ಪಂಕ್ತಿ ಮುಗಿಯುವಷ್ಟು ಹೊತ್ತು ಬಿಟ್ಟರು. ಆಮೇಲೆ ಯಾರೋ ಕಿರುಚಿದರು. ತಟ್ಟೆಯ ಹಾಲಿನಲ್ಲಿ ಕೆಂಪು, ಹಳದಿ, ಹಸಿರು ಗೀರುಗೀರಾಗಿ ಹರಡಿಕೊಂಡಿತ್ತು. ಅಬ್ಬಾ, ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತು!

ದೊಡ್ಡಮ್ಮ ಬಣ್ಣದ ಹಾಲು ಮೆತ್ತಿದ್ದ ತನ್ನ ಪಚ್ಚೆಯನ್ನು ಎತ್ತಿ ಕೊಟ್ಟಳು. "ನಂದು? ನಂದೂ ಅಂಗೇನಾ?" ಸರೋಜಮ್ಮ ಒರೆಸಿ, ಕಣ್ಣು ಮುಚ್ಚಿ, ನಾಲಗೆಗೆ ಮುಟ್ಟಿಸಿದರು. ಬಹಳ ಹೊತ್ತು. ಆಮೇಲೆ ಅದನ್ನು ಮತ್ತೆ ಹಾಲಿಗೇ ಬಿಟ್ಟು, "ಎಲ್ಲಾ ಒಂದೇ ತಟ್ಟೇಲವಲ್ಲಮ್ಮ, ನೀನೇ ನೋಡು" ಅಂದರು.

ಅಷ್ಟರಲ್ಲಿ ನಾಗೇಶ ಒಳಗೆ ಬಂದ. ದೊಡ್ಡಮ್ಮ ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದಳು. "ಎತ್ತ ಅವ್ವಂಗೂ ಗಾಜು ತೊಡಿಸ್ದೇನ್ಲಾ!" ಅವನು "ಅವ್ವಾ, ನಿಂದು ಅಂಗಲ್ಲ, ನಿಂದು ಬೇರೆ" ಅನ್ನುತ್ತಿದ್ದರೂ ಯಾರು ಕೇಳುತ್ತಾರೆ? ಆಗಲೇ ನನ್ನ ಅಮ್ಮ ಎದ್ದು ನಾಗೇಶನ ಹೆಂಡತಿಯ ಮುಂದೆ ನಿಂತಳು. ಕಂಪನಿಗೆ ಹೋಗಿದ್ದ ಏಳು ಕಲ್ಲಿನ ಓಲೆ ಅವಳ ಕಿವಿಯಲ್ಲಿತ್ತು, ಕೂದಲು ಕಿವಿಯ ಮೇಲೆ ಇಳಿಬಿಟ್ಟು ಮುಚ್ಚಿಕೊಂಡಿದ್ದಳು. ಅಮ್ಮ ಕೈ ಚಾಚಿದಳು. ಆ ಹುಡುಗಿ ಅಳುತ್ತ ಬಿಚ್ಚಿ ಕೊಟ್ಟಳು.

ಹೋದ ವರ್ಷ ಸರೋಜಮ್ಮ ಹಾಸಿಗೆ ಹಿಡಿದರು. ನಾನು ಹಾಲು ಕಾಯಿಸಿ ಚಮಚದಲ್ಲಿ ಕುಡಿಸುತ್ತಿದ್ದೆ. ಒಂದು ಬೆಳಿಗ್ಗೆ ಚಮಚವನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಆ ತಾಯಿದು ನಿಜವಾದ ಪಚ್ಚೆ ಕಣೆ ಮಂಜಿ. ಒಳ್ಳೇ ಕಲ್ಲು. ನಾಲ್ಗೆ ಕೊರ್‍ದೋಯ್ತು. ಕಳ್ಳ ನನ್ಮಗ, ಎತ್ತೋಳ್ಗೆ ಮಾತ್ರ ಮೋಸ ಮಾಡಿರ್ಲಿಲ್ಲ."

ನಾನು ಚಮಚ ಕೆಳಗಿಟ್ಟೆ. "ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಕೆಳವಿ ಕಣ್ಣು ಕಾಣಾಕಿಲ್ಲ ಅಂದಿದ್ನಲ್ಲ ಅವ್ನು. ಸುಳ್ಳು ಯೋಳ್ಲಿಲ್ಲ. ನಿಜ ಯೋಳ್ಲಿಲ್ಲ ಅಷ್ಟೆ." ಚಮಚದ ಕಡೆ ಕೈ ತೋರಿಸಿ, "ನೀ ಬೇಕಾದ್ರೆ ಆ ತಾಯಿಗೆ ಯೋಳು" ಅಂದರು. ನಾಲ್ಕು ದಿನಕ್ಕೆ ತೀರಿಕೊಂಡರು.

ದೊಡ್ಡಮ್ಮ ಈಗಲೂ ನಾಗೇಶನ ಜೊತೆ ಮಾತಾಡುವುದಿಲ್ಲ. ಒಂದೇ ಮನೆಯಲ್ಲಿದ್ದು ಬೇರೆ ಒಲೆ ಹಚ್ಚಿಕೊಳ್ಳುತ್ತಾಳೆ. ಪಾಪ, ಆ ಮುದುಕಿಯನ್ನು ನೆನೆದರೆ ನನಗೆ ಕರುಳು ಚುರ್ ಅನ್ನುತ್ತದೆ. ಆದರೆ ಅಮ್ಮ ಸೆರಗಿನಲ್ಲಿ ಕಿವಿ ಮುಚ್ಚಿಕೊಂಡು ಹಟ್ಟಿಯಲ್ಲಿ ಕೂತಿದ್ದ ಆ ಎರಡು ದಿನ ನೆನೆದರೆ ಕರುಳು ಮತ್ತೆ ಗಟ್ಟಿಯಾಗುತ್ತದೆ.

ಮೊನ್ನೆ ನಾಗೇಶ ನಮ್ಮ ಹಟ್ಟಿಗೇ ಬಂದ. ಸೊರಗಿದ್ದ. ಕೈಯಲ್ಲಿ ಅದೇ ಪಚ್ಚೆ.

"ಅಕ್ಕಾ, ಎಲ್ಲಾ ತಪ್ಪೂ ನಂದೇ. ಆದ್ರೆ ಇದೊಂದು ನಿಜವಾದ್ದು ಕಣಕ್ಕಾ. ಅವ್ವ ಯಾರ್ ಯೋಳಿದ್ರೂ ನಂಬ್ತಿಲ್ಲ. ಸರೋಜಮ್ಮನ್ ಬಾಯಲ್ಲಿ ಬಂದ್ರೆ ನಂಬ್ತೀನಿ ಅಂತಾಳೆ. ನಿನ್ನತ್ರ ಏನಾದ್ರೂ ಯೋಳಿದ್ರಾ?"

ನಾನು ಕೆಚ್ಚಲು ತೊಳೆಯುತ್ತಿದ್ದೆ. ತಲೆ ಎತ್ತಲಿಲ್ಲ.

"ಅವ್ರು ಇದ್ದಾಗ ಬಂದು ಕೇಳ್ಬೇಕಾಗಿತ್ತು ಕಣ್ಲಾ" ಅಂದೆ.