ಬಣ್ಣದ ಅಡಿಯಲ್ಲಿದ್ದ ಕೂದಲು

ಅಂಗಡಿ ಬೋರ್ಡುಗಳಿಗೆ ಅಕ್ಷರ ಬರೆಯುವ ಆಕೆಯನ್ನು ಎಲ್ಲರೂ ಬೋರ್ಡಕ್ಕ ಅಂತಲೇ ಕರೆಯುತ್ತಿದ್ದರು. ಹೋದ ವರ್ಷ ಬಣ್ಣ ತೆಳುಮಾಡುವ ಟರ್ಪೆಂಟೈನ್ ಡಬ್ಬಿಗೆ ಬೆಂಕಿ ತಗುಲಿ ಬಲಗೈ ಸುಟ್ಟಿತ್ತು. ಗಾಯವೇನೋ ಮಾಯಿತು, ಆದರೆ ಕಿರುಬೆರಳು, ಉಂಗುರಬೆರಳು ಎರಡೂ ಅಂಗೈಗೆ ಮಡಚಿ ಕೂತವು. ಉಳಿದ ಮೂರು ಬೆರಳಲ್ಲೇ ಕುಂಚ ಹಿಡಿದು ಬರೆಯುತ್ತಿದ್ದಳು. ಮಡಚಿದ ಬೆರಳು ಬಿಡಿಸಲು ಆಪರೇಷನ್ ಆಗಬೇಕಿತ್ತು. ಅದರಲ್ಲಿ ಕತ್ತರಿ ಒಂದಿಷ್ಟು ಆಚೀಚೆ ಆದರೆ ಆ ಮೂರೂ ಹೋದಂತೆ.

ಆಪರೇಷನ್ ದಿನ ಬೆಳಿಗ್ಗೆ ತನ್ನ ಅಕ್ಕನ ಜೊತೆ ಕ್ಲಿನಿಕ್ಕಿಗೆ ಬಂದವಳು ಮೆಟ್ಟಿಲಲ್ಲೇ ನಿಂತುಬಿಟ್ಟಳು. ಬಾಗಿಲ ಪಕ್ಕದ ಬೋರ್ಡಿನ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಬೋರ್ಡು ಬರೆಯುವವರು ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಕ್ಷರಗಳಿಗೆ ಜಾಗ ಹಂಚುತ್ತಾರೆ. ಇಲ್ಲಿ ಡಾಕ್ಟರ ಹೆಸರು ಆರಾಮಾಗಿ ಕಾಲು ಚಾಚಿ ಕೂತಿತ್ತು. ಅದರ ಕೆಳಗಿನ ‘ಪ್ಲಾಸ್ಟಿಕ್ ಸರ್ಜನ್’ ಮಾತ್ರ ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವರ ಹಾಗೆ ಅಂಚಿಗೆ ಒತ್ತಿಕೊಂಡಿತ್ತು. ಹೆಬ್ಬೆರಳಿಂದ ಸವರಿ ನೋಡಿದಳು. ಹೊಸ ಬಣ್ಣದ ಅಡಿಯಲ್ಲಿ ಹಳೆಯ ಅಕ್ಷರಗಳ ಉಬ್ಬು. ಕೂ. ದ. ಲು. ಅಂದರೆ ಇದು ಮೊದಲು ಕೂದಲು ನಾಟಿ ಮಾಡುವ ಕ್ಲಿನಿಕ್ಕು.

“ಡಾಕ್ಟರನ್ನ ನೋಡೋಕೆ ಬಂದ್ಯೋ, ಬೋರ್ಡ್ ನೋಡೋಕೆ ಬಂದ್ಯೋ? ನಡಿಯೇ,” ಎಂದು ಅಕ್ಕ ರೇಗಿದಳು.

ಇಬ್ಬರೂ ಒಳಗೆ ಹೋದರು. ನರ್ಸಮ್ಮ ಬಟ್ಟೆ ಬದಲಿಸಿ, ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಅಂಟಿಸಿದಳು. ಇನ್ನು ಅರ್ಧ ಗಂಟೆಗೆ ಕರೀತಾರೆ ಎಂದಳು. ಡಾಕ್ಟರ ನೋಂದಣಿ ಸಂಖ್ಯೆ ಎಷ್ಟು ಎಂದು ಬೋರ್ಡಕ್ಕ ಮೆಲ್ಲಗೆ ಕೇಳಿದಾಗ, ಅದೆಲ್ಲ ನಿಮಗ್ಯಾಕಮ್ಮ ಎಂದು ನಕ್ಕಳು. ಅಕ್ಕನ ಚೀಲದಲ್ಲಿ ಈ ಡಾಕ್ಟರು ಬರೆದುಕೊಟ್ಟಿದ್ದ ಔಷಧಿ ಚೀಟಿಯಿತ್ತು. ಅದರ ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಆ ಸಂಖ್ಯೆಯೂ ಇತ್ತು.

ಬೋರ್ಡಕ್ಕ ವೈದ್ಯರ ನೋಂದಣಿ ಕಚೇರಿಗೆ ಫೋನ್ ಮಾಡಿದಳು. ಒಂದು ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಎತ್ತಿದ ಗುಮಾಸ್ತ ಸ್ವಲ್ಪ ತಡೀರಿ ಎಂದು ಎದ್ದು ಹೋದ. ಹೊರಗೆ ತಳ್ಳುಮಂಚದ ಗಾಲಿ ಕಿರುಗುಟ್ಟುತ್ತಾ ಹತ್ತಿರ ಬರುತ್ತಿತ್ತು. ಇಟ್ಟುಬಿಡೇ, ಮರ್ಯಾದೆ ಹೋಗುತ್ತೆ ಎಂದು ಅಕ್ಕ ತೋಳು ಜಗ್ಗಿದಳು. ಬೋರ್ಡಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಇದ್ದಾರಮ್ಮ. ಎಂಬಿಬಿಎಸ್ ಅಷ್ಟೇ,” ಎಂದ ಗುಮಾಸ್ತ. “ಸರ್ಜರಿ ಓದಿರೋ ದಾಖಲೆ ನಮ್ಮಲ್ಲಿಲ್ಲ.”

ಅಷ್ಟರಲ್ಲಿ ಡಾಕ್ಟರೇ ಒಳಗೆ ಬಂದರು. ವಿಷಯ ತಿಳಿದು ಮುಖ ಬಿಗಿಯಿತು. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಇಲ್ಲೀತನಕ ಒಬ್ಬರೂ ಹೀಗೆ ಕೇಳಿಲ್ಲ ಎಂದರು.

“ನಾನು ಕೂದಲಿಗೆ ಬಂದಿಲ್ಲ ಸಾರ್, ಕೈಗೆ ಬಂದಿದೀನಿ. ಈ ಸೂಜಿ ತೆಗೆಸಿ.”

ಡಾಕ್ಟರು ಬಾಗಿಲ ಕಡೆಗೊಮ್ಮೆ ನೋಡಿದರು. ನರ್ಸಮ್ಮನಿಗೆ ಸೂಜಿ ತೆಗೆಯುವಂತೆ ಸನ್ನೆ ಮಾಡಿದರು. ಅಷ್ಟು ಹೊತ್ತು ಗೊಣಗುತ್ತಿದ್ದ ಅಕ್ಕ, ತಾನೇ ಮುಂದೆ ಬಂದು ತಂಗಿಯ ಬಟ್ಟೆ ಎತ್ತಿಕೊಟ್ಟಳು.

ಸ್ವಇಚ್ಛೆಯಿಂದ ಹೋಗುತ್ತಿದ್ದೇನೆಂದು ಬರೆದುಕೊಡಬೇಕಿತ್ತು. ಅದರಲ್ಲಿ ಕಾರಣಕ್ಕೊಂದು ಖಾಲಿ ಜಾಗ. ನರ್ಸಮ್ಮ ‘ಮನೆ ಕೆಲಸ’ ಅಂತ ಹಾಕಿ ಎಂದಳು. ಬೋರ್ಡಕ್ಕ ಮೂರು ಬೆರಳಲ್ಲಿ ಪೆನ್ನು ಹಿಡಿದು, ರಸ್ತೆಯ ಆಚೆಯಿಂದಲೂ ಓದುವಷ್ಟು ದುಂಡಗೆ ಬರೆದಳು: ಸರ್ಜರಿ ಓದಿದ ದಾಖಲೆ ಇಲ್ಲ.

ಮರುದಿನ ದೊಡ್ಡಾಸ್ಪತ್ರೆಗೆ ಹೋದಳು. ಮೊದಲು ಅಲ್ಲಿನ ಡಾಕ್ಟರ ಸಂಖ್ಯೆಯನ್ನೂ ಫೋನಿನಲ್ಲಿ ವಿಚಾರಿಸಿಕೊಂಡು, ಆಮೇಲೆ ಚೀಟಿ ಮಾಡಿಸಿದಳು. ಆಪರೇಷನ್ನಿಗೆ ನಾಲ್ಕು ತಿಂಗಳು ಕಾಯಬೇಕು ಅಂದರು. ಕಾಯುತ್ತಿದ್ದಾಳೆ.