ಇಂದೂಬಾಯಿ ಕಳಿಸಿದ ಎಚ್ಚರಿಕೆ

ಪಿಂಪ್ರಿ-ಚಿಂಚವಾಡದ ಆ ಗೇರ್ ಕಾರ್ಖಾನೆಯ ಮಾಲೀಕ ಬೆಳಗಾವಿ ಕಡೆಯವನು. ಕಚೇರಿಯಲ್ಲಿ ಕನ್ನಡವೇ ಹೆಚ್ಚು. ಅಲ್ಲಿ ಇಂದೂಗೆ ‘ಪೊಲೀಸ್ ಬಾಯಿ’ ಎಂದು ಹೆಸರು. ಗಿರಾಕಿಗಳ ಮೇಲ್ ಎಲ್ಲ ಮೊದಲು ಅವಳಿಗೇ ಬರುತ್ತಿತ್ತು. ಕಳಿಸಿದವರ ವಿಳಾಸ ನೋಡಿ, ಅನುಮಾನ ಬಂದರೆ ಫೋನ್ ಮಾಡಿ, ಆಮೇಲೆಯೇ ಗೇರುಗಳ ನಕಾಶೆಗಳನ್ನು ಒಳಗಿನವರಿಗೆ ಕಳಿಸುವಳು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. ಚೀಟಿಯಿಲ್ಲದ ಬಾಟಲಿಯ ಮುಚ್ಚಳ ತೆಗೆಯುವವಳಲ್ಲ. ಆ ಕುರ್ಚಿ, ಆ ನಂಬಿಕೆ ಬಿಟ್ಟರೆ ಅವಳಿಗೆ ಅಲ್ಲಿ ಬೇರೆ ಆಸ್ತಿಯಿರಲಿಲ್ಲ.

“ಮೇಲ್ ತೆಗ್ಯಾಕೂ ಮುಹೂರ್ತ ನೋಡ್ತೀರೇನ್ರಿ?” ಎಂದು ನಕಾಶೆ ವಿಭಾಗದ ಪಂಢರಿನಾಥ ಕಾಡುತ್ತಿದ್ದ.

“ಹೌದಪಾ. ನಿನ್ನ ಲಗ್ನಕ್ಕ ಯಾರೂ ನೋಡಿದ್ದಿಲ್ಲಲ್ಲ, ಅದಕ್ಕ.”

ಒಂದು ಸೋಮವಾರ ಹಳೆಯ ಗಿರಾಕಿಯ ಹೆಸರಿನಲ್ಲಿ ‘ತಿದ್ದಿದ ನಕಾಶೆ, ತುರ್ತು’ ಎಂಬ ಮೇಲ್ ಬಂತು. ಹೆಸರು ಅವರದು, ವಿಳಾಸ ಇನ್ಯಾರದೋ. ಜೊತೆಗಿದ್ದ ಫೈಲಿಗೆ ಪಾಸ್‌ವರ್ಡ್ ಬೀಗ. ಪಾಸ್‌ವರ್ಡೂ ಅದೇ ಮೇಲಿನಲ್ಲಿ. ಇಂದೂ ಫೋನ್ ಮಾಡಿದಳು. ಅವರು ಏನೂ ಕಳಿಸಿರಲಿಲ್ಲ.

ಅವಳು ಫೈಲನ್ನು ಮುಟ್ಟಲಿಲ್ಲ. ಉಳಿದವರಿಗೂ ಇಂಥದ್ದು ಬಂದೀತೆಂದು ಹೆದರಿ, ಮೇಲೆ ‘ತೆರೆಯಬೇಡಿ’ ಎಂದು ಬರೆದು ಆ ಮೇಲನ್ನೇ ಎಲ್ಲರಿಗೂ ರವಾನಿಸಿದಳು. ಫೈಲೂ ಜೊತೆಗೇ ಹೋಯಿತು.

ಊಟದ ಹೊತ್ತಿಗೆ ಒಂದು ನಕಾಶೆಯೂ ತೆರೆಯದಾಯಿತು. ಅವನ್ನು ಬಿಡಿಸಿಕೊಡಲು ಪರದೆಯ ಮೇಲೆ ಯಾರೋ ಹಣ ಕೇಳುತ್ತಿದ್ದರು. ನಕಾಶೆಗಳ ಪ್ರತಿಗಳಿದ್ದ ಡಿಸ್ಕನ್ನು ಸದಾ ನಕಾಶೆ ವಿಭಾಗದ ಕಂಪ್ಯೂಟರಿಗೇ ಚುಚ್ಚಿಟ್ಟಿದ್ದರಿಂದ ಅದೂ ಹಾಳಾಗಿತ್ತು.

“ಯಾರು ತೆಗದವರು?” ಮಾಲೀಕ ಕೇದಾರ ಗುಡುಗಿದ.

“ನಾನ್ರೀ. ಇಂದೂಬಾಯಿ ಕಳಿಸಿದ್ರು,” ಎಂದ ಪಂಢರಿನಾಥ.

“ತೆರೀಬ್ಯಾಡ್ರಿ ಅಂತ ಬರದಿದ್ನೆಲ್ಲೊ!”

“ನಿಮ್ಮ ಹೆಸರಿದ್ರ ಯಾರು ಓದ್ತಾರ್ರಿ? ನೀವು ನೋಡೇ ಕಳಿಸಿರ್ತೀರಿ ಅಂತ ಸೀದಾ ತೆಗೀತೀವಿ. ಕೆಳಗ ಪಾಸ್‌ವರ್ಡ್ ಇತ್ತು, ಹಾಕಿದೆ.”

ಅದು ಸುಳ್ಳಾಗಿರಲಿಲ್ಲ. ಆ ರೂಢಿ ಮಾಡಿಸಿದವಳು ಅವಳೇ.

“ನಾಳೆಯಿಂದ ಮೇಲ್ ಸ್ನೇಹಲ್ ನೋಡ್ಲಿ. ನೀವು ಗೋದಾಮಿಗೆ ಹೋಗ್ರಿ,” ಎಂದ ಕೇದಾರ. ಡಿಸ್ಕ್ ಬಿಚ್ಚುವುದು ಬೇಡ, ಅಲ್ಲೇ ಇರಲಿ ಎಂದು ಹಿಂದೆ ಹೇಳಿದವನು ಅವನೇ. ಆ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ಇಂದೂ ತನ್ನ ಮೊಬೈಲಿನಿಂದ ಎಲ್ಲರಿಗೂ ಮೇಲ್ ಬರೆದಳು: ಅನುಮಾನದ ಮೇಲನ್ನು ಮುಂದಕ್ಕೆ ಕಳಿಸಬೇಡಿ, ಬಾಯಿಂದ ಹೇಳಿ, ಪ್ರತಿ ತೆಗೆದ ಮೇಲೆ ಡಿಸ್ಕನ್ನು ಬಿಚ್ಚಿಡಿ. ಫೈಲಿಲ್ಲ, ಬರೀ ಅಕ್ಷರ.

ಮರುದಿನ ತನ್ನ ಹಳೆಯ ಕುರ್ಚಿಯ ಹತ್ತಿರ ಬಂದು, ಅಲ್ಲಿ ಕೂತಿದ್ದ ಹುಡುಗಿ ಸ್ನೇಹಲ್‌ಳನ್ನು ಕೇಳಿದಳು: “ಓದಿದೇನವಾ?”

“ಇಲ್ರೀ ಮೌಶಿ,” ಸ್ನೇಹಲ್ ದನಿ ತಗ್ಗಿಸಿದಳು. “ನಿಮ್ಮ ಮೇಲ್ ಬಂದ್ರ ತೆಗೀಲಾರದ ಅಳಸ್ರಿ ಅಂತ ಸರ್ ಹೇಳ್ಯಾರ. ಎಲ್ಲಾರೂ ಅಳಸ್ಯಾರ.”

ಇಂದೂ ನಿಂತಲ್ಲೇ ಮೊದಲಿನಿಂದ ಹೇಳತೊಡಗಿದಳು. ಸ್ನೇಹಲ್ ತಲೆಯಾಡಿಸುತ್ತಿದ್ದಳು, ಕಣ್ಣು ಮಾತ್ರ ಕೇದಾರನ ಬಾಗಿಲ ಮೇಲೆ.