ಪಾರ್ಕಿನ ಸೊಟ್ಟ ತಿರುವು

ನಗರಸಭೆಯ ನಕ್ಷೆ ವಿಭಾಗದಲ್ಲಿ ಮೂವತ್ತೆಂಟು ವರ್ಷ ಗೆರೆ ಎಳೆದು ನಿವೃತ್ತರಾದ ಸ್ಕೇಲಪ್ಪನವರಿಗೆ ಆ ಹೆಸರಿಟ್ಟದ್ದು ಕಚೇರಿಯ ಜವಾನ. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿದೆ. ಅದರಾಚೆ ಯಾರ ಬಾಯಲ್ಲೂ ಉಳಿದಿಲ್ಲ. ಸೊಟ್ಟಗಿರುವುದನ್ನು ಅವರು ಸಹಿಸುವವರಲ್ಲ. ಗೋಡೆಯ ಫೋಟೊಗಳಿಗೆ ವಾರಕ್ಕೊಮ್ಮೆ ಗಾರೆಯವರ ರಸಮಟ್ಟ ಹಿಡಿದು ನೋಡುತ್ತಾರೆ. ಒಣಹಾಕಿದ ಬಟ್ಟೆಗಳ ಅಂಚು ಒಂದೇ ಸಾಲಿಗೆ ಬರಬೇಕು. ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ನಿಲ್ಲಬೇಕು. ಮದುವೆಯಾದ ಹೊಸತರಲ್ಲಿ, ಅಡ್ಡಾದಿಡ್ಡಿ ಮಲಗುತ್ತೀಯ ಎಂದು ಹೆಂಡತಿಯನ್ನು ಎರಡು ಸಲ ಎಬ್ಬಿಸಿ ತಿಳಿಹೇಳಿದ್ದೂ ಉಂಟು. ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಆಕೆಗೆ ಜಗಳವಾಡಲು ಒಂದು ಕಾರಣವಾದರೂ ಸಿಗುತ್ತಿತ್ತು.

ಇಂಥವರ ಹೊಟ್ಟೆಯಲ್ಲೊಂದು ಗುಟ್ಟಿತ್ತು. ಬಡಾವಣೆಯ ನಡುವಿನ ಪಾರ್ಕಿನ ನಕ್ಷೆ ಬರೆದವರು ಅವರೇ. ಜಾಗ ಉದ್ದವಾದ್ದರಿಂದ ಎರಡು ಹಾಳೆ ಬೇಕಾಯಿತು. ಹಾಳೆಗಳನ್ನು ಕೂಡಿಸಿ ಅಂಟುಪಟ್ಟಿ ಹಚ್ಚುವಾಗ ಫ್ಯಾನು ತಿರುಗುತ್ತಿತ್ತು. ಒಂದು ಹಾಳೆ ಅರ್ಧ ಇಂಚು ಜಾರಿತು. ಕಾಗದದ ಮೇಲೆ ಅರ್ಧ ಇಂಚು ಎಂದರೆ ನೆಲದ ಮೇಲೆ ಹತ್ತಡಿ. ಬೇಲಿ ಮೊದಲೇ ಇತ್ತು, ಹಾಗಾಗಿ ಬೇಲಿಗೆ ಏನೂ ಆಗಲಿಲ್ಲ. ನಡಿಗೆಯ ದಾರಿ ಮಾತ್ರ ಪಾರ್ಕಿನ ನಟ್ಟನಡುವೆ ಮುರಿದು ಹತ್ತಡಿ ಪಕ್ಕಕ್ಕೆ ಸರಿದಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡ. ಓದಿದವರು ಯೋಚನೆ ಮಾಡಿಯೇ ಬರೆದಿರುತ್ತಾರೆ ಎಂದು ಅಲ್ಲೊಂದು ತಿರುವು ಕೊಟ್ಟು ಎರಡೂ ತುದಿ ಸೇರಿಸಿದ. ಮೂಲೆಯಲ್ಲಿ ಜಾಗ ಮಿಕ್ಕಿತೆಂದು ಒಂದು ಕಲ್ಲುಬೆಂಚನ್ನೂ ಹಾಕಿದ.

ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರು ತಿರುವು ಬಹಳ ಕಲಾತ್ಮಕವಾಗಿದೆ ಎಂದರು. ಸ್ಕೇಲಪ್ಪನವರ ಮೇಲಧಿಕಾರಿ ಕೊರಳು ಬಗ್ಗಿಸಿ ಹಾರ ಹಾಕಿಸಿಕೊಂಡರು. ಸ್ಕೇಲಪ್ಪನವರು ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಇಪ್ಪತ್ತಾರು ವರ್ಷ ಪಾರ್ಕಿನೊಳಗೆ ಕಾಲಿಡಲಿಲ್ಲ. ಹೆಂಡತಿ ದಿನಾ ಸಂಜೆ ಐದಕ್ಕೆ ಅಲ್ಲಿಗೆ ಹೋಗಿ ಆರಕ್ಕೆ ಬರುತ್ತಾಳೆ. “ನೀವೂ ಬನ್ರೀ” ಎಂದು ಕರೆದಾಗಲೆಲ್ಲ ಇವರು ಮಂಡಿನೋವು ಎನ್ನುತ್ತಾರೆ. ಮಂಡಿ ಗುಂಡುಕಲ್ಲಿನಂತಿದೆ.

ಹೀಗಿರುವಾಗ ಪಾರ್ಕಿಗೆ ಹೊಸ ರೂಪ ಕೊಡುವುದಾಗಿ ನಗರಸಭೆ ಗೇಟಿಗೆ ಪ್ರಕಟಣೆ ಅಂಟಿಸಿತು. ದೀಪದ ಕಂಬ, ವ್ಯಾಯಾಮದ ಯಂತ್ರ, ಕೊನೆಗೆ ‘ನಡಿಗೆಯ ದಾರಿಯನ್ನು ನೇರಗೊಳಿಸುವುದು.’ ನಿವಾಸಿಗಳು ಅಭಿಪ್ರಾಯ ತಿಳಿಸಬಹುದು. ರಸ್ತೆಯಲ್ಲೇ ನಿಂತು ಓದಿದ ಸ್ಕೇಲಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಾನು ಸಾಯುವ ಮೊದಲು ತನ್ನ ತಪ್ಪು ಸಾಯುತ್ತದೆ! ಅಂದೇ ಅಭಿಪ್ರಾಯದ ಅರ್ಜಿ ತಂದು, ‘ದಾರಿ ನೇರವಾಗಲೇಬೇಕು’ ಎಂದು ಬರೆದು, ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದು, ಮಡಚಿ ಜೇಬಿಗಿಟ್ಟರು.

ಸಭೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಹೆಂಡತಿಗೆ ಹೇಳದೆ ಹೋಗಿ ಕೊನೆಯ ಸಾಲಿನಲ್ಲಿ ಕೂತರೆ, ಎರಡನೆಯ ಸಾಲಿನಲ್ಲಿ ಪಾರ್ಕಿನ ಹೆಂಗಸರ ನಡುವೆ ಹೆಂಡತಿಯೇ ಕಾಣಬೇಕೆ! ಆಕೆ ಇವರನ್ನು ನೋಡಲಿಲ್ಲ. ಇವರೂ ನೋಡದವರಂತೆ ಕೂತರು.

ತಲೆಗೊಂದು ಮಾತು ಶುರುವಾಯಿತು. ಕಾರಿದ್ದವರೊಬ್ಬರು ಅರ್ಧ ಪಾರ್ಕನ್ನು ಕಾರು ನಿಲ್ಲಿಸಲು ಬಿಡಿ ಎಂದರು. ಉಳಿದರ್ಧ? “ಅದೂ ಕಾರಿಗೇ. ಬೇಕಾದ್ರೆ ಮರ ಇರ್ಲಿ, ನೆರಳಾಗುತ್ತೆ.” ಇನ್ನೊಬ್ಬರಿಗೆ ಹಕ್ಕಿಗಳ ಗಲಾಟೆ ನಿಲ್ಲಬೇಕಿತ್ತು. ನಗರಸಭೆಯ ಯುವ ಇಂಜಿನಿಯರಮ್ಮ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಹಕ್ಕಿಯ ವಿಷಯವನ್ನೂ ಬರೆದುಕೊಂಡಳು, ಪಾಪ. ದಾರಿ ನೇರ ಮಾಡುವ ಮಾತು ಬಂದದ್ದೇ ತಡ, ಸಭೆಗೆ ಸಭೆಯೇ ಕೆರಳಿತು.

“ತಿರುವು ಮುಟ್ಬೇಡಿ” ಎಂದ ಬಡಾವಣೆಯ ಟೈಲರ್. “ಹೊಲಿಯೋಕೆ ಬಟ್ಟೆ ಕೊಟ್ಟೋರು ಎದುರಿಗೆ ಬಂದ್ರೆ ನನ್ನ ಕಾಯೋದೇ ಅದು.”

“ಅಲ್ಲಿ ನಿಂತು ಉಸಿರು ತಗೊಂಡ್ರೆ ಸುಸ್ತಾಯ್ತು ಅಂತ ಯಾರಿಗೂ ಗೊತ್ತಾಗಲ್ಲ” ಎಂದಳು ನರ್ಸಮ್ಮ.

ನಿವೃತ್ತ ಮೇಷ್ಟ್ರೊಬ್ಬರು, ಅಲ್ಲಿ ಹಿಂದೆ ಬಾವಿಯಿತ್ತು, ತಿಳಿದವರು ಅದನ್ನು ಬಳಸಿ ದಾರಿ ಮಾಡಿದ್ದಾರೆ ಎಂದು ಇತಿಹಾಸವನ್ನೇ ಹೇಳಿಬಿಟ್ಟರು. ಬಾವಿಯೂ ಇರಲಿಲ್ಲ, ತಿಳಿದವರೂ ಇರಲಿಲ್ಲ. ಸ್ಕೇಲಪ್ಪನವರು ಜೇಬು ಮುಟ್ಟಿ ನೋಡಿಕೊಂಡರು.

ಆಗ ಅವರ ಹೆಂಡತಿ ಎದ್ದಳು. ಮನೆಯಲ್ಲಿ ನಾಲ್ಕು ಮಾತಿಗೆ ಒಂದು ಮಾತಾಡುವ ಹೆಂಗಸು.

“ನಮ್ಮ ಮನೇಲಿ ಎಲ್ಲಾ ನೆಟ್ಟಗಿದೆ” ಎಂದಳು. “ಫೋಟೊ ನೆಟ್ಟಗೆ, ಚಾಪೆ ನೆಟ್ಟಗೆ. ನಾನು ಒಂದು ಲೋಟ ಇಟ್ರೆ, ಆ ಕಡೆ ತಿರುಗಿ ಈ ಕಡೆ ನೋಡೋದ್ರೊಳಗೆ ಅದು ಸಾಲಿಗೆ ಸೇರಿರುತ್ತೆ. ನಮ್ಮೋರು ಒಳ್ಳೇವ್ರೇ, ಬಯ್ಯಲ್ಲ. ಸರಿ ಮಾಡ್ತಾರೆ ಅಷ್ಟೇ. ಸೊಟ್ಟಗಿರೋದೊಂದು ಸೊಟ್ಟಗೇ ಇರೋದನ್ನ ನೋಡ್ಬೇಕು ಅಂತ ನಂಗೆ ಜೀವ ಬಡ್ಕೊಳುತ್ತೆ. ಅದಕ್ಕೇ ಆ ತಿರುವಲ್ಲಿ ಹೋಗಿ ಕೂತ್ಕೋತೀನಿ. ಇಷ್ಟು ವರ್ಷದಿಂದ ಅದನ್ನ ಯಾರೂ ಸರಿ ಮಾಡಿಲ್ಲ. ಅದನ್ನೂ ನೆಟ್ಟಗೆ ಮಾಡಿದ್ರೆ ನಾನೆಲ್ಲಿಗೆ ಹೋಗ್ಲಿ?”

ಜನ ನಕ್ಕರು. ಆಕೆ ನಗಲಿಲ್ಲ. ಕೊನೆಯ ಸಾಲಿನಲ್ಲಿ ಸ್ಕೇಲಪ್ಪನವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಸಂಜೆ ಐದಕ್ಕೆ ಆಕೆ ಗಾಳಿಸೇವನೆಗೆ ಹೋಗುತ್ತಾಳೆಂದೇ ಅವರು ತಿಳಿದಿದ್ದರು.

ಇಂಜಿನಿಯರಮ್ಮ ಹಳೆಯ ನಕ್ಷೆ ಬಿಡಿಸಿ ಹಿಡಿದಳು. “ಇಷ್ಟ ಅಂತ ಫೈಲಲ್ಲಿ ಬರೆಯೋಕಾಗಲ್ಲಮ್ಮ. ಬೇಕೂಂತಲೇ ಮಾಡಿದ್ದು ಅಂತಾದ್ರೆ ಉಳಿಸ್ಬಹುದು. ತಪ್ಪಿಂದ ಆಗಿದ್ರೆ ಸರಿ ಮಾಡ್ಲೇಬೇಕು, ನಿಯಮ. ಇದನ್ನ ಬರೆದೋರು ಯಾರು ಅಂತ ಯಾರಿಗಾದ್ರೂ ಗೊತ್ತಾ?”

ಸ್ಕೇಲಪ್ಪನವರು ಎದ್ದು ನಿಂತರು. “ನಾನು.”

ಇಡೀ ಸಭೆ ಹಿಂದಕ್ಕೆ ತಿರುಗಿತು. ಹೆಂಡತಿಯೂ ತಿರುಗಿದಳು, ಬಾಯಿಗೆ ಸೆರಗು ಹಿಡಿದಳು.

“ಹೇಳಿ ಸರ್, ತಪ್ಪೋ, ಬೇಕೂಂತಲೋ?”

ತಪ್ಪು ಎಂಬ ಎರಡಕ್ಷರ ಸಾಕಿತ್ತು. ಇಪ್ಪತ್ತಾರು ವರ್ಷದ ಕಳಂಕ ಅಲ್ಲೇ ತೊಳೆದುಹೋಗುತ್ತಿತ್ತು, ಅದೂ ಸುಳ್ಳಾಡದೆ. ಅಳತೆಯಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಾಡದ ಮನುಷ್ಯ ಹೆಂಡತಿಯ ಮುಖ ನೋಡಿದರು.

“ಬೇಕೂಂತಲೇ” ಎಂದರು.

“ಕಾರಣ?”

ಸುಳ್ಳಿಗೆ ಕಾರಣ ಬೇರೆ ಬೇಕಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಅಭ್ಯಾಸವಿದ್ದರಲ್ಲವೇ? ನಕ್ಷೆಯ ಕಡೆ ಕೈ ತೋರಿಸಿದರು. “ದಾರಿ ನೇರ ಇದ್ರೆ ಜನ ನಡೀತಾನೇ ಇರ್ತಾರೆ. ಎಲ್ಲಾದ್ರೂ ಒಂದು ಕಡೆ ಕೂರ್ಬೇಕಲ್ಲ.”

ಇಂಜಿನಿಯರಮ್ಮ ‘ತಿರುವು ಉದ್ದೇಶಪೂರ್ವಕ’ ಎಂದು ಬರೆದು ಸಹಿ ಕೇಳಿದಳು. ಸ್ಕೇಲಪ್ಪನವರು ಸಹಿ ಹಾಕಿದರು. ಮೇಷ್ಟ್ರು ಬಾವಿಯ ವಿಷಯ ಕೇಳಲು ಬಂದಾಗ, ಬಾವಿ ಇತ್ತು ಎಂದೂ ಒಪ್ಪಿಕೊಂಡರು. ಒಂದು ಹೇಳಿದ ಮೇಲೆ ಎರಡನೆಯದು ಅಷ್ಟು ಕಷ್ಟವಾಗಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಪಾರ್ಕಿನ ಗೇಟು ಬಂದಾಗ ಹೆಂಡತಿ ಒಳಗೆ ನಡೆದಳು. ಇವರೂ ಹಿಂದೆ ನಡೆದರು. ತಿರುವು ಅವರು ನೆನೆದುಕೊಂಡದ್ದಕ್ಕಿಂತ ಸೊಟ್ಟಗಿತ್ತು. ಆಕೆ ಬೆಂಚಿನ ಮೇಲೆ ಕೂತು, ಸುಧಾರಿಸಿಕೊಂಡು, ಕೇಳಿದಳು.

“ನಿಜ ಹೇಳಿ. ಬೇಕೂಂತ ಮಾಡಿದ್ದಾ?”

“ಇಲ್ಲ. ಕಾಗದ ಜಾರ್ತು.”

“ಮೂವತ್ತೆಂಟು ವರ್ಷದ ಕೆಲಸದಲ್ಲಿ ಇಂಥದ್ದು ಇದೊಂದೇನಾ?”

“ಇದೊಂದೇ” ಎಂದರು ಸ್ಕೇಲಪ್ಪನವರು, ತಲೆ ತಗ್ಗಿಸಿ.

“ಅಯ್ಯೋ ಪಾಪ!” ಎಂದು ಆಕೆ ಪಕ್ಕಕ್ಕೆ ಸರಿದು, ಅವರಿಗೂ ಕೂರಲು ಜಾಗ ಮಾಡಿಕೊಟ್ಟಳು.